ಮದುಮಗಳನ್ನು ಮೂರನೇ ಸಲವೂ ಅರ್ಧಕ್ಕೆ ಬಿಟ್ಟೆ, ಬೈಯುವವರು ಬೈಯಿರಿ

ಪುಟಗುರುತು (ಭಾನುವಾರ, ರಾತ್ರಿ 9:40)

ಮೊದಲೇ ಹೇಳಿಬಿಡುತ್ತೇನೆ, ನಾನು ಓದದವಳಲ್ಲ. 2009ರಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪುಸ್ತಕದ ಹೆಸರು, ಶುರು ಮಾಡಿದ ದಿನ, ಮುಗಿಸಿದ ದಿನ, ಮೂರು ಸಾಲು ಅನಿಸಿಕೆ. ಹೋದ ವರ್ಷ 41 ಪುಸ್ತಕ ಆಯಿತು. ‘ಕರ್ವಾಲೊ’ ಒಂದೇ ರಾತ್ರಿಯಲ್ಲಿ ಮುಗಿಸಿದ್ದೇನೆ. ‘ಪರ್ವ’ವನ್ನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿದ್ದೇನೆ. ಆದರೆ ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಮಾತ್ರ ನನಗೆ ಒಲಿಯುತ್ತಿಲ್ಲ.

ಮೊದಲ ಸಲ 2012ರಲ್ಲಿ, 40ನೇ ಪುಟಕ್ಕೆ ಬಿಟ್ಟೆ. ಎರಡನೇ ಸಲ ಲಾಕ್‌ಡೌನ್‌ನಲ್ಲಿ, 118ಕ್ಕೆ. ಈಗ 163ಕ್ಕೆ ಬಂದು ನಿಂತಿದ್ದೇನೆ. ಯಾವ ಮನೆಯ ಯಾವ ಹೆಗ್ಗಡೆ, ಯಾರ ಆಳು ಯಾರ ಮಗಳ ಹಿಂದೆ, ಎಲ್ಲ ಕಲಸುಮೇಲೋಗರ. ಎರಡು ದಿನ ಬಿಟ್ಟು ತೆಗೆದರೆ ಮತ್ತೆ ಹತ್ತು ಪುಟ ಹಿಂದೆ ಹೋಗಬೇಕು.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಮರ್ಯಾದೆ ಹೋಗುವ ವಿಷಯ ಮುಂದಿದೆ. 2014ರಲ್ಲಿ ನಾನು ಪುಸ್ತಕಗಳ ಬಗ್ಗೆ ಫೇಸ್‌ಬುಕ್‌ನಲ್ಲಿ ಹೊಸದಾಗಿ ಬರೆಯಲು ಶುರು ಮಾಡಿದ್ದೆ. ಆಗ ಈ ಕಾದಂಬರಿಯ ಬಗ್ಗೆಯೂ ಬರೆದೆ. ಆರು ಪ್ಯಾರಾ. ‘ಮಲೆನಾಡೇ ಇಲ್ಲಿ ನಾಯಕ’, ‘ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕು’ ಇತ್ಯಾದಿ. ನಾನು ಓದಿದ್ದು 40 ಪುಟ! ಮಿಕ್ಕಿದ್ದೆಲ್ಲ ಬೆನ್ನುಡಿ, ಬೇರೆಯವರ ಲೇಖನ, ಮತ್ತು ನನ್ನ ಧೈರ್ಯ. ಇವತ್ತಿಗೂ ನಾನು ಬರೆದದ್ದರಲ್ಲಿ ಜಾಸ್ತಿ ಜನ ಮೆಚ್ಚಿದ ಬರಹ ಅದೇ.

ಈಗ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದನ್ನು ಹುಡುಕಿ ಓದಿ, ಪುಸ್ತಕ ಕೊಂಡು ತಂದಿದ್ದಾಳೆ. ಮೊನ್ನೆ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು, ‘ಅಕ್ಕಾ, ಆ ನಾಯಿ ಹುಲಿಯನಿಗೆ ಏನೋ ಆಗುತ್ತೆ ಅಂತ ಭಯ. ನಿಮಗೆ ಗೊತ್ತಿರುತ್ತೆ, ಆದರೆ ಹೇಳಬೇಡಿ’ ಅಂದಳು. ನಾನು ಸುಮ್ಮನೆ ನಕ್ಕು ತಲೆಯಾಡಿಸಿದೆ. ನನಗೆ ಗೊತ್ತಿಲ್ಲ ಮಾರಾಯ್ರೆ!

ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಬರೆಯಬಹುದಾ? ಆ ಹಳೆಯ ಬರಹವನ್ನು ಏನು ಮಾಡಲಿ? ಮತ್ತೆ, ಈ ಪುಸ್ತಕವನ್ನು ಪೂರ್ತಿ ಓದಿದವರು ಹೇಗೆ ಓದಿದಿರಿ? ನಾಯಿಗೆ ಏನಾಯಿತು ಅಂತ ಮಾತ್ರ ಯಾರೂ ಹೇಳಬೇಡಿ.

ರಾತ್ರಿಪಾಳಿ (9:46)

ಕೊನೆಗೂ ಒಬ್ಬರು ಒಪ್ಪಿಕೊಂಡರು. ನಾನು 60ನೇ ಪುಟದಲ್ಲಿ ಐದು ವರ್ಷದಿಂದ ಕೂತಿದ್ದೇನೆ. ಅಲ್ಲಿ ಮನೆ ಕಟ್ಟಿಸುವುದು ಬಾಕಿ.

ಹುಳಿಮಾವಿನವ (9:51)

ಓದದೆ ಬರೆದಿದ್ದಕ್ಕೆ ಇಷ್ಟು ಪಶ್ಚಾತ್ತಾಪ ಯಾಕೆ? ನಮ್ಮಲ್ಲಿ ಮುನ್ನುಡಿ ಬರೆಯುವವರು ಇದನ್ನೇ ಮಾಡಿಕೊಂಡು ಬಂದಿದ್ದಾರೆ. ಅವರಿಗೆ ಶಾಲು ಹಾಕುತ್ತಾರೆ, ನಿಮಗೆ ಲೈಕ್ ಹಾಕಿದ್ದಾರೆ.

ಕೊಪ್ಪದ ಕಾಫಿ (10:20)

ಮೇಡಂ, ನಿಮ್ಮ ತಪ್ಪು ಏನೂ ಇಲ್ಲ. ನೀವು ಕಥೆ ಹುಡುಕುತ್ತಿದ್ದೀರಿ ಅಷ್ಟೇ. ಕುವೆಂಪು ಮೊದಲಿಗೇ ಎಚ್ಚರಿಸಿದ್ದಾರಲ್ಲ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ. ಆ ಮಾತನ್ನು ಎಲ್ಲರೂ ಸ್ಟೇಟಸ್‌ಗೆ ಹಾಕುತ್ತಾರೆ. ಅದು ಪುಸ್ತಕ ಓದುವ ವಿಧಾನ ಅಂತ ಯಾರಿಗೂ ಹೊಳೆಯುವುದಿಲ್ಲ. ಮುಖ್ಯ ಪಾತ್ರ ಯಾವುದು ಅಂತ ಹಿಡಿಯಲು ಹೋದರೆ ಇಡೀ ಪುಸ್ತಕ ಕೈಯಿಂದ ಜಾರುತ್ತದೆ.

ನಾನು ಮಾಡಿದ್ದು ಹೀಗೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಮನೆಗಳನ್ನು ಬರೆದೆ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಪ್ರತಿ ಮನೆಯ ಕೆಳಗೆ ಅಲ್ಲಿಯವರ ಹೆಸರು. ಸಿಂಬಾವಿಗೆ ಭರಮೈ ಹೆಗ್ಗಡೆ, ಹಳೆಮನೆಗೆ ಸುಬ್ಬಣ್ಣ ಹೆಗ್ಗಡೆ, ಬೆಟ್ಟಳ್ಳಿಗೆ ಕಲ್ಲಯ್ಯ ಗೌಡ, ಅವನ ಮಗ ದೇವಯ್ಯ. ಕೋಣೂರಿಗೆ ಮುಕುಂದಯ್ಯ, ಹೂವಳ್ಳಿಗೆ ಚಿನ್ನಮ್ಮ. ಮೊದಲ ಪುಟಗಳಲ್ಲೇ ಗುತ್ತಿ ನಡೆಯುತ್ತಾನೆ, ಜೊತೆಗೆ ಅವನ ನಾಯಿ. ಅವನ ಹಿಂದೆಯೇ ನೀವೂ ನಡೆಯಿರಿ. ಅವನು ನಿಂತ ಕಡೆ ನಿಲ್ಲಿ. ಒಡೆಯರ ಜಗಲಿಯಿಂದಲ್ಲ, ಒಬ್ಬ ಜೀತದಾಳಿನ ಕಾಲ ಹಿಂದೆ ಊರು ನೋಡುತ್ತೀರಿ. ಅದೇ ಆ ಪುಸ್ತಕದ ಗಮ್ಮತ್ತು.

ನಮ್ಮ ಕಡೆ ಈಗಲೂ ಒಬ್ಬರ ಮನೆಗೆ ಹೊರಟರೆ ದಾರಿಯಲ್ಲಿ ನಾಲ್ಕು ಮನೆಯಲ್ಲಿ ಕಾಫಿ ಆಗುತ್ತದೆ. ಈ ಕಾದಂಬರಿಯೂ ಹಾಗೇ. ಅವಸರ ಇದ್ದವರು ಬಸ್ಸಿನಲ್ಲಿ ಹೋಗಬೇಕು, ಆದರೆ ಆ ದಾರಿಗೆ ಬಸ್ಸಿಲ್ಲ.

ಏಕವಚನ (10:34)

ಇದೇ ನನಗೆ ಆಗದ ಮಾತು. ಪುಸ್ತಕ ಹಿಡಿಸಲಿಲ್ಲ ಅಂದರೆ ‘ನೀವು ಓದಿದ್ದು ಸರಿಯಿಲ್ಲ’ ಅನ್ನುವುದು. ಏಳುನೂರಕ್ಕೂ ಜಾಸ್ತಿ ಪುಟದ ಪುಸ್ತಕಕ್ಕೆ ಕ್ಯಾಲೆಂಡರ್ ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳಬೇಕು ಅಂದರೆ ಓದುಗನದೇ ತಪ್ಪಾ? ಜ್ಞಾನಪೀಠ ಬಂದ ಕಾದಂಬರಿ ಅಂತ ಎಲ್ಲರೂ ತಲೆ ಬಾಗುತ್ತಾರೆ.

ಧಾರವಾಡದವ್ರು (10:41)

ಜ್ಞಾನಪೀಠ ಬಂದದ್ದು ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ ರೀ. ಈ ಕಾದಂಬರಿ ಅಚ್ಚಾದದ್ದೂ 1967ರಲ್ಲಿ, ಆ ಪ್ರಶಸ್ತಿಯ ಸಾಲೂ 1967. ಅದಕ್ಕೇ ಎಲ್ಲರಿಗೂ ಗೊಂದಲ.

ಏಕವಚನ (10:43)

ಸರಿ, ಒಪ್ಪಿದೆ. ಉಳಿದ ಮಾತು ವಾಪಸ್ ತಗೊಳ್ಳಲ್ಲ.

ಲೈಬ್ರರಿ ಮೇಷ್ಟ್ರು (10:58)

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸಾರ್ವಜನಿಕ ಗ್ರಂಥಾಲಯದ ಕೌಂಟರಿನಲ್ಲಿ ಕೂತವನು. ಯಾರು ಎಲ್ಲಿಯವರೆಗೆ ಓದುತ್ತಾರೆ ಅನ್ನುವುದು ನಮಗೆ ಗೊತ್ತಿರುತ್ತದೆ. ಹೇಗೆ ಅಂತೀರಾ? ಹಳೆಯ ಪುಸ್ತಕ ಮುಚ್ಚಿ ಅದರ ಅಂಚು ನೋಡಿ. ಬೆರಳಾಡಿದ ಕಡೆ ಕಪ್ಪಾಗಿರುತ್ತದೆ. ದಪ್ಪ ಕಾದಂಬರಿಗಳಲ್ಲಿ ಮೊದಲ ಕಾಲು ಇಂಚು ಕಪ್ಪು, ಆಮೇಲೆ ಬೆಳ್ಳಗೆ, ಕೊನೆಯ ನಾಲ್ಕು ಹಾಳೆ ಮತ್ತೆ ಕಪ್ಪು. ಕೊನೆಗೆ ಏನಾಯಿತು ಅಂತ ನೋಡಿಕೊಂಡು ವಾಪಸ್ ಕೊಟ್ಟವರ ಗುರುತು ಅದು. ತ್ರಿವೇಣಿಯವರ ಕಾದಂಬರಿಗಳಿಗೆ ಮಾತ್ರ ಅಂಚು ಪೂರ್ತಿ ಒಂದೇ ಬಣ್ಣ. ಒಂದನ್ನು ನಾವು ಮೂರು ಸಲ ಬೈಂಡ್ ಮಾಡಿಸಿದ್ದೆವು.

ಮೇಡಂ, ಎಸ್. ಆರ್. ರಂಗನಾಥನ್ ಅವರ ಹೆಸರು ಕೇಳಿರುತ್ತೀರಿ. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಕೊನೆಯ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದವರು. ಎರಡನೇ ಸೂತ್ರ, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ನಿಮ್ಮ ಪುಸ್ತಕ ಇದಲ್ಲದೇ ಇರಬಹುದು. ಪುಸ್ತಕಕ್ಕೂ ಬೇರೆ ಓದುಗರು ಸಿಗುತ್ತಾರೆ. ಈಗ ನೋಡಿ, ನಿಮ್ಮ ಆಫೀಸಿನ ಹುಡುಗಿ ಸಿಕ್ಕಳು. 40 ಪುಟ ಓದಿ ಬರೆದದ್ದು ತಪ್ಪೇ, ಆದರೆ ವ್ಯರ್ಥ ಆಗಲಿಲ್ಲ.

ಹುಳಿಮಾವಿನವ (11:02)

ಮೇಷ್ಟ್ರೇ, ನಮ್ಮ ಏರಿಯಾದ ಲೈಬ್ರರಿಯಲ್ಲಿ ಪೇಪರ್ ಓದುವವರು, ಕಾಂಪಿಟಿಟಿವ್ ಪರೀಕ್ಷೆಗೆ ಓದುವವರು ಬಿಟ್ಟರೆ ಯಾರೂ ಇರುವುದಿಲ್ಲ. ಕಾದಂಬರಿ ಕಪಾಟಿಗೆ ಬೀಗ. ಬೀಗದ ಕೈ ಇರುವವರು ಯಾವಾಗಲೂ ರಜಾ.

ಲೈಬ್ರರಿ ಮೇಷ್ಟ್ರು (11:10)

ಅದು ನಿಜ, ಬೇಜಾರಿನ ವಿಷಯವೂ ಹೌದು. ಆದರೆ ಕೇಳುವ ಹಕ್ಕು ನಿಮಗಿದೆ. ಆಸ್ತಿ ತೆರಿಗೆ ಕಟ್ಟುವಾಗ ರಶೀದಿ ನೋಡಿ, ಗ್ರಂಥಾಲಯ ಕರ ಅಂತ ನೂರಕ್ಕೆ ಆರು ರೂಪಾಯಿ ಇರುತ್ತದೆ. 1965ರ ಕಾಯ್ದೆಯಿಂದ ಬಂದದ್ದು. ಅಂದರೆ ಆ ಬೀಗದ ಕೈಗೆ ನಿಮ್ಮ ದುಡ್ಡೂ ಸೇರಿದೆ.

ರಾತ್ರಿಪಾಳಿ (11:12)

ನಾನು ಬಾಡಿಗೆ ಮನೆ. ನನ್ನ ಓನರ್ ಓದಬೇಕು ಹಾಗಾದರೆ.

ಸಾಗರದ ಸೊಸೆ (ಸೋಮವಾರ, ಬೆಳಿಗ್ಗೆ 6:15)

ನಾನು ಈ ಪುಸ್ತಕವನ್ನು ಓದಲಿಲ್ಲ, ಕೇಳಿದೆ. ಮದುವೆಯಾಗಿ ಬಂದ ಮೊದಲ ವರ್ಷ. ನಮ್ಮಲ್ಲಿ ಅಡಿಕೆ ಸುಲಿಯುವ ಸಮಯದಲ್ಲಿ ರಾತ್ರಿ ಹನ್ನೊಂದು, ಹನ್ನೆರಡರವರೆಗೂ ಕೂರಬೇಕು. ಹತ್ತು ಹನ್ನೆರಡು ಜನ, ಎಲ್ಲರ ಮುಂದೆ ಮೆಟ್ಟುಗತ್ತಿ. ನಿದ್ದೆ ಬರಬಾರದಲ್ಲ, ಅದಕ್ಕೆ ನಮ್ಮ ಮಾವನವರು ಗಟ್ಟಿಯಾಗಿ ಓದುತ್ತಿದ್ದರು. ದಿನಕ್ಕೆ ಒಂದು ಅಧ್ಯಾಯ, ಕೆಲವು ದಿನ ಎರಡು. ಸುಲಿಯಲು ಬಂದ ಹೆಂಗಸರು ‘ಅಯ್ಯಾ, ನಿನ್ನೆ ಆ ಪೀಂಚಲು ಏನು ಮಾಡಿದಳು, ಅದು ಮತ್ತೊಂದು ಸಲ ಓದಿ’ ಅನ್ನುತ್ತಿದ್ದರು. ಯಾರಿಗೂ ಹೆಸರು ಕಲಸಿಹೋಗಲಿಲ್ಲ! ಯಾಕೆಂದರೆ ಒಬ್ಬೊಬ್ಬರು ಒಂದೊಂದು ಪಾತ್ರವನ್ನು ನಮ್ಮೂರಿನ ಯಾರಿಗಾದರೂ ಜೋಡಿಸಿಕೊಂಡಿದ್ದರು. ಯಾರು ಚೀಂಕ್ರ, ಯಾರು ಅಂತಕ್ಕ ಅಂತ ಇಲ್ಲಿ ಬರೆದರೆ ನನ್ನನ್ನು ಊರಿಗೆ ಸೇರಿಸುವುದಿಲ್ಲ.

ಬಾಯಿಬಿಟ್ಟು ಓದಿ ನೋಡಿ. ಅದರ ಮಾತುಕತೆ ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ.

ಕೊಪ್ಪದ ಕಾಫಿ (7:02)

ಅಕ್ಕಾ, ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ದೂರದೂರು (11:30)

ಡಬ್ಲಿನ್‌ನಿಂದ. ನನ್ನ ಸಮಸ್ಯೆ ಬೇರೆ. ಊರಿಂದ ಬರುವಾಗ 23 ಕೆಜಿ ಲೆಕ್ಕ. ಅಮ್ಮನ ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿ ಆದ ಮೇಲೆ ಒಂದು ದಪ್ಪ ಪುಸ್ತಕಕ್ಕೆ ಜಾಗ ಇರುವುದಿಲ್ಲ. ಮೂರು ಸಲ ಈ ಕಾದಂಬರಿಯನ್ನು ಸೂಟ್‌ಕೇಸಿನಿಂದ ತೆಗೆದು ಹಪ್ಪಳ ಇಟ್ಟಿದ್ದೇನೆ. ಕಿಂಡಲ್ ಕೊಂಡರೆ ಅದರಲ್ಲಿ ಕನ್ನಡದ್ದೇ ಕೊರತೆ. 2016ರಲ್ಲಿ ಅವರು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂತ ಐದು ಭಾಷೆಗೆ ಬಾಗಿಲು ತೆರೆದಾಗ ನಮ್ಮನ್ನು ಹೊರಗೇ ನಿಲ್ಲಿಸಿದ್ದರು. ಈಗ ನಮ್ಮವರದೇ ಮೈಲ್ಯಾಂಗ್ ಅಂತಹ ಆ್ಯಪ್‌ಗಳಿವೆ, ಫೋನಿನಲ್ಲಿ ಓದುತ್ತೇನೆ, ಕೇಳುತ್ತೇನೆ.

ಕೊನೆಗೆ ಈ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿದೆ. ವನಮಾಲಾ ವಿಶ್ವನಾಥ ಅವರ ಅನುವಾದ 2024ರಲ್ಲಿ ಬಂತು, ‘ಬ್ರೈಡ್ ಇನ್ ದ ಹಿಲ್ಸ್’. ಬೈಯುವವರು ಬೈಯಿರಿ ಅಂದಿದ್ದಾರಲ್ಲ, ನನಗೂ ಒಂದು ಪಾಲು ಕೊಡಿ.

ಏಕವಚನ (11:44)

ಕನ್ನಡದವರಾಗಿ ಕುವೆಂಪು ಅವರನ್ನು ಇಂಗ್ಲಿಷಿನಲ್ಲಿ ಓದುವುದಾ? ಕಷ್ಟ ಕಷ್ಟ.

ದೂರದೂರು (11:52)

ನೀವು ಟಾಲ್‌ಸ್ಟಾಯ್ ಅವರನ್ನು ರಷ್ಯನ್ನಿನಲ್ಲಿ ಓದಿದಿರಾ?

ಏಕವಚನ (11:53)

ನಾನು ರಷ್ಯಾದವನಲ್ಲ.

ದೂರದೂರು (12:05)

ನನ್ನ ಮಗಳು ಇಲ್ಲಿ ಹುಟ್ಟಿದವಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳ ಅಜ್ಜಿಯ ಊರಿನ ಕಾಡು ಹೇಗಿತ್ತು ಅಂತ ಅವಳಿಗೆ ಗೊತ್ತಾದದ್ದು ಆ ಅನುವಾದದಿಂದ. ಓದಿ ಮುಗಿಸಿ ‘ಇದನ್ನು ಕನ್ನಡದಲ್ಲಿ ಒಂದು ಪುಟ ಓದಿ ಹೇಳು ಅಪ್ಪ’ ಅಂದಳು. ಈಗ ಭಾನುವಾರ ಓದುತ್ತಿದ್ದೇನೆ. ನಾನು ಬಾಗಿಲಿನಿಂದ ಬರಲಿಲ್ಲ, ಕಿಟಕಿಯಿಂದ ಬಂದೆ, ಅಷ್ಟೇ.

ಏಕವಚನ (12:40)

ಸರಿ ಬಿಡಿ. ಭಾನುವಾರದ ವಿಷಯ ಮೊದಲೇ ಹೇಳಬಹುದಿತ್ತು.

ಧಾರವಾಡದವ್ರು (ಮಧ್ಯಾಹ್ನ 2:15)

ನನ್ನ ಸಲಹೆ, ಇದನ್ನು ಇಟ್ಟುಬಿಡಿ. ಮೊದಲು ಕುವೆಂಪು ಅವರದೇ ‘ಕಾನೂರು ಹೆಗ್ಗಡತಿ’ ಓದಿ. 1936ರದು. ಅದರಲ್ಲಿ ಹೂವಯ್ಯನ ಕೈ ಹಿಡಿದು ಹೋಗಬಹುದು, ದಾರಿ ತಪ್ಪುವುದಿಲ್ಲ. ಅದಾದ ಮೇಲೆ ಮೂವತ್ತೊಂದು ವರ್ಷ ಕಾದು ಅದೇ ಮನುಷ್ಯ ನಾಯಕನನ್ನೇ ಬಿಟ್ಟು ಬರೆದರು ಅಂತ ಗೊತ್ತಾದಾಗ ಈ ಪುಸ್ತಕದ ಮೇಲೆ ಬೇರೆ ಥರ ಕುತೂಹಲ ಹುಟ್ಟುತ್ತದೆ. ನನಗೆ ಹಾಗೇ ಆಯಿತು.

ಇನ್ನೊಂದು ಮಾತು. ನಮ್ಮ ಊರಿನ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ‘ಅಟ್ಟ’ ಅಂತ ಇದೆ. 1933ರಲ್ಲಿ ಶುರುವಾದ ಪ್ರಕಾಶನ. ದೊಡ್ಡ ದೊಡ್ಡ ಬರಹಗಾರರು ಕೂತು ಹರಟೆ ಹೊಡೆದ ಜಾಗ. ನಾನು ಹುಡುಗನಾಗಿದ್ದಾಗ ಪುಸ್ತಕ ಕೊಳ್ಳುವ ನೆಪದಲ್ಲಿ ಮೆಟ್ಟಿಲು ಹತ್ತುತ್ತಿದ್ದೆ. ಅಲ್ಲಿ ಕೇಳಿಸಿಕೊಂಡ ಮಾತು ಒಂದೂ ‘ಅದ್ಭುತ’, ‘ಮನಮುಟ್ಟುವ’ ಅಂತ ಇರುತ್ತಿರಲಿಲ್ಲ. ಮುಖದ ಮೇಲೆ ಹೇಳುತ್ತಿದ್ದರು, ಆಮೇಲೆ ಚಹಾ ಕುಡಿಯುತ್ತಿದ್ದರು. ಈಗ ಮುಖದ ಮೇಲೆ ಹೊಗಳುತ್ತಾರೆ, ಚಹಾ ಅಂಗಡಿಯಲ್ಲಿ ಬೈಯುತ್ತಾರೆ.

ಹುಳಿಮಾವಿನವ (2:31)

ಇದು ನನ್ನ ಪ್ರೀತಿಯ ವಿಷಯ. ಹೊಸಬರಿಗೆ ವಿಮರ್ಶೆ ಭಾಷೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಒಂದೇ ಗುಕ್ಕಿಗೆ ಓದಿಸಿಕೊಂಡಿತು’ ಅಂದರೆ ಎಂಬತ್ತು ಪುಟ ಇತ್ತು. ‘ಭರವಸೆಯ ಬರಹಗಾರ’ ಅಂದರೆ ಈ ಪುಸ್ತಕದಲ್ಲಿ ಏನೂ ಸಿಗಲಿಲ್ಲ, ಮುಂದಿನದರಲ್ಲಿ ನೋಡೋಣ. ‘ವಿಶಿಷ್ಟ ಪ್ರಯತ್ನ’ ಅಂದರೆ ಅರ್ಥವಾಗಲಿಲ್ಲ. ‘ಮುಖಪುಟ ವಿನ್ಯಾಸ ಸೊಗಸಾಗಿದೆ’ ಅಂದರೆ ಒಳಗೆ ಹೋಗಲಿಲ್ಲ. ‘ಗಂಭೀರ ಓದುಗರ ಕಪಾಟಿನಲ್ಲಿ ಇರಬೇಕಾದ ಕೃತಿ’ ಅಂದರೆ ಕಪಾಟಿನಲ್ಲೇ ಇರಲಿ.

ರಾತ್ರಿಪಾಳಿ (2:33)

‘ಪುಸ್ತಕ ಕೈ ಸೇರಿತು, ಧನ್ಯವಾದಗಳು ಸರ್’ ಅನ್ನೋದು ಬಿಟ್ಟಿರಿ. ಅದಕ್ಕಿಂತ ಮುಂದೆ ಹೋದ ವಿಮರ್ಶೆ ನಾನು ನೋಡಿಲ್ಲ.

ಮಂಚದ ಕೆಳಗೆ (ಸಂಜೆ 5:20)

ನಗುತ್ತಿದ್ದೀರಿ, ನಗಿ. ನಾನು ಬರೆದವನ ಕಡೆಯಿಂದ ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಕಥಾಸಂಕಲನ ತಂದೆ. ಸ್ವಂತ ದುಡ್ಡು. ಸಾವಿರ ಪ್ರತಿ. ಈಗಲೂ ಆರು ಬಂಡಲ್ ಮಂಚದ ಕೆಳಗಿವೆ, ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಹಳೆಯ ಕಾಲದ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಅಂತ ಓದಿದಾಗೆಲ್ಲ ನನ್ನ ಹೆಂಡತಿ ನನ್ನನ್ನೂ ಮಂಚವನ್ನೂ ನೋಡುತ್ತಾಳೆ.

ಪುಸ್ತಕದ ಬಗ್ಗೆ ಹತ್ತೊಂಬತ್ತು ಜನ ಬರೆದರು. ಹದಿನೆಂಟು ಜನ ಹೊಗಳಿದರು. ಎಲ್ಲರೂ ಹೆಸರಿಸಿದ್ದು ಮೊದಲ ಎರಡು ಕಥೆ ಮಾತ್ರ! ಹತ್ತೊಂಬತ್ತನೆಯವರು ಯಾರೋ ಗೊತ್ತಿಲ್ಲದವರು. ಎರಡು ಕಥೆ ಬಿಟ್ಟು ಮಿಕ್ಕಿದ್ದೆಲ್ಲ ಜೊಳ್ಳು ಅಂದರು. ಹನ್ನೊಂದನೇ ಕಥೆಯಲ್ಲಿ ಮುದುಕಿ ಎರಡನೇ ಪುಟದಲ್ಲಿ ಕುರುಡಿ, ಐದನೇ ಪುಟದಲ್ಲಿ ಅಕ್ಕಿ ಆರಿಸುತ್ತಾ ಕಲ್ಲು ಕಂಡು ಎಸೆಯುತ್ತಾಳೆ ಅಂತ ಬರೆದಿದ್ದರು. ಒಂದು ವಾರ ಊಟ ಸೇರಲಿಲ್ಲ. ಆಮೇಲೆ ಹೋಗಿ ನೋಡಿದೆ. ಹೌದು, ಎಸೆದಿದ್ದಾಳೆ. ನಾನು ಓದಿರಲಿಲ್ಲ, ನನ್ನ ಹೆಂಡತಿ ಓದಿರಲಿಲ್ಲ, ಕರಡು ತಿದ್ದಿದವರು ಓದಿರಲಿಲ್ಲ. ಆ ಒಬ್ಬರು ಹನ್ನೊಂದನೇ ಕಥೆಯವರೆಗೆ ಬಂದಿದ್ದರು.

ಆದ್ದರಿಂದ ಪುಟಗುರುತು ಅವರೇ, ಅರ್ಧ ಓದಿ ಬೈಯಿರಿ, ಅರ್ಧ ಓದಿ ಹೊಗಳಿ, ಆದರೆ ಎಷ್ಟನೇ ಪುಟಕ್ಕೆ ನಿಂತಿರಿ ಅಂತ ಬರೆಯಿರಿ. ಬರೆದವನಿಗೆ ಅದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಹತ್ತು ಜನ ಒಂದೇ ಪುಟದಲ್ಲಿ ನಿಂತರೆ ಅಲ್ಲಿ ಏನೋ ಎಡವಟ್ಟಾಗಿದೆ ಅಂತ ನನಗೆ ತಿಳಿಯುತ್ತದೆ.

ಏಕವಚನ (5:41)

ಮುದುಕಿಗೆ ಕಣ್ಣು ಕಾಣದಿದ್ದರೂ ಬೆರಳಿಗೆ ಕಲ್ಲು ಸಿಕ್ಕಿರಬಹುದು. ನಮ್ಮ ಅಜ್ಜಿ ಹಾಗೇ ಆರಿಸುತ್ತಿದ್ದರು.

ಮಂಚದ ಕೆಳಗೆ (5:44)

ಸರ್, ಈ ಮಾತು ಮೂರು ವರ್ಷದ ಹಿಂದೆ ಹೇಳಿದ್ದರೆ ನಿಮಗೆ ಒಂದು ಬಂಡಲ್ ಉಚಿತ ಕೊಡುತ್ತಿದ್ದೆ. ಈಗಲೂ ಕೊಡುತ್ತೇನೆ.

ಜಯನಗರ ನಾಲ್ಕನೇ ಬ್ಲಾಕ್ (ರಾತ್ರಿ 8:05)

ಪುಸ್ತಕ ಹೇಗೆ ಓದುವುದು ಅಂತ ಇಷ್ಟು ಮಾತು. ನನ್ನ ಕಾಪಿಯನ್ನು ನಾದಿನಿಯ ಗಂಡ 2017ರಲ್ಲಿ ತಗೊಂಡು ಹೋದರು. ಇವತ್ತಿಗೂ ‘ಓದ್ತಾ ಇದ್ದೀನಿ’ ಅನ್ನುತ್ತಾರೆ. ಹಿರಿಯರು ಸುಮ್ನೆ ಹೇಳಲಿಲ್ಲ, ‘ಪುಸ್ತಕಂ ವನಿತಾ ವಿತ್ತಂ ಪರಹಸ್ತಂ ಗತಂ ಗತಂ’.

ಸಾಗರದ ಸೊಸೆ (8:12)

ಆ ಶ್ಲೋಕದಲ್ಲಿ ಪುಸ್ತಕದ ಪಕ್ಕ ದುಡ್ಡು ಇರಲಿ. ವನಿತೆಯನ್ನು ಯಾಕೆ ತಂದು ಕೂರಿಸಿದರೋ! ನಮ್ಮನ್ನು ಯಾರೂ ಎರವಲು ಕೊಟ್ಟಿಲ್ಲ.

ಜಯನಗರ ನಾಲ್ಕನೇ ಬ್ಲಾಕ್ (8:15)

ಅಯ್ಯೋ, ತಪ್ಪಾಯ್ತು ಅಕ್ಕಾ. ಇನ್ನು ಮೇಲೆ ‘ಪುಸ್ತಕಂ ಕೊಡೆ ವಿತ್ತಂ’ ಅನ್ನುತ್ತೇನೆ. ಕೊಡೆಯೂ ವಾಪಸ್ ಬರಲ್ಲ.

ರಂಗದ ಹಿಂದೆ (9:30)

ನಾನು ಓದಿಲ್ಲ, ನಾಟಕ ನೋಡಿದ್ದೇನೆ. ಸಿ. ಬಸವಲಿಂಗಯ್ಯ ಅವರು ಮಾಡಿಸಿದ್ದು, 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲೂ ಆಯಿತು. ಇಡೀ ರಾತ್ರಿಯ ನಾಟಕ, ಸುಮಾರು ಒಂಬತ್ತು ಗಂಟೆ. ಒಂದು ರಂಗದಿಂದ ಇನ್ನೊಂದಕ್ಕೆ ಚಾಪೆ, ಕಂಬಳಿ ಎತ್ತಿಕೊಂಡು ಜನ ಓಡುತ್ತಿದ್ದರು. ಪಾದ್ರಿಯ ಸೈಕಲ್ಲು ಬಂದಾಗ ನಗೆಯೋ ನಗೆ. ಕಾದಂಬರಿಯಲ್ಲಿ ಅದಕ್ಕೆ ‘ಬೀಸೆಕಲ್ಲು’ ಅಂತಾರಂತೆ. ಬೈಸಿಕಲ್ಲು ಬೀಸುವ ಕಲ್ಲಾಗಿಬಿಟ್ಟಿದೆ. ನೋಡಿದವರು ಓದಿದ ಲೆಕ್ಕವಾ?

ಲೈಬ್ರರಿ ಮೇಷ್ಟ್ರು (9:41)

ರಾತ್ರಿಯೆಲ್ಲ ಎಚ್ಚರ ಇದ್ದರೆ ಲೆಕ್ಕ. ನಿದ್ದೆ ಮಾಡಿದ್ದರೆ ಅಷ್ಟು ಪುಟ ಕಳೆಯಿರಿ.

ಕೊಪ್ಪದ ಕಾಫಿ (9:55)

ಆ ಸೈಕಲ್ಲಿನ ಭಾಗ ಬಂದಾಗ ಗಮನಿಸಿ ಮೇಡಂ, ಅದು ಬರೀ ತಮಾಷೆಗೆ ಇಲ್ಲ. ಕಥೆ ನಡೆಯುವುದು 1893ರ ಸುಮಾರಿಗೆ. ಒಂದು ಕಡೆ ವಿವೇಕಾನಂದರ ಷಿಕಾಗೊ ಭಾಷಣದ ಪ್ರಸ್ತಾಪವೂ ಬರುತ್ತದೆ. ಲೋಕದಲ್ಲಿ ಅಷ್ಟೆಲ್ಲ ನಡೆಯುತ್ತಿದ್ದಾಗ ನಮ್ಮ ಕಾಡಿಗೆ ಬಂದದ್ದು ಒಂದು ಸೈಕಲ್ಲು ಮತ್ತು ಅದರ ಹಿಂದೆ ಪಾದ್ರಿ ಜೀವರತ್ನಯ್ಯ. ಎಲ್ಲರಿಗೂ ಅದನ್ನು ಮುಟ್ಟಬೇಕು, ಎಲ್ಲರಿಗೂ ಭಯ.

ಹೊಸ ಸದಸ್ಯ 77 (10:10)

ಎಲ್ಲಕ್ಕಿಂತ ನನ್ನನ್ನು ಅಲ್ಲಾಡಿಸಿದ್ದು ಹುಲಿಯನ ಕೊನೆ. ಗುತ್ತಿ ಮತ್ತು ತಿಮ್ಮಿ [ಎರಡು ಸಾಲು ತೆಗೆಯಲಾಗಿದೆ]

ರಾತ್ರಿಪಾಳಿ (10:11)

ಅಯ್ಯೋ!!!

ಧಾರವಾಡದವ್ರು (10:11)

ಏನು ಮನುಷ್ಯರು ರೀ ನೀವು. ಮೊದಲ ಪೋಸ್ಟಿನ ಕೊನೆಯ ಸಾಲು ಓದಲಿಲ್ಲವಾ?

ನಿರ್ವಾಹಕಿ (10:14)

ಮೇಲಿನ ಎರಡು ಸಾಲು ತೆಗೆದಿದ್ದೇನೆ. ಯಾರಾದರೂ ಓದಿಬಿಟ್ಟಿದ್ದರೆ ಮರೆತುಬಿಡಿ.

ಹೊಸ ಸದಸ್ಯ 77 (10:20)

1967ರ ಪುಸ್ತಕದಲ್ಲಿ ಗುಟ್ಟು ಏನು ಬಂತು? ‘ಪರ್ವ’ ಓದುವವರಿಗೆ ಕುರುಕ್ಷೇತ್ರದಲ್ಲಿ ಯಾರು ಗೆದ್ದರು ಅಂತ ಮೊದಲೇ ಗೊತ್ತಿರುತ್ತದೆ, ಆದರೂ ಓದುತ್ತಾರೆ. ಊರಲ್ಲಿ ಗಮಕ ಕೇಳಲು ಕೂತವರು ‘ಮುಂದೇನಾಯ್ತೋ ಹೇಳಬೇಡಿ’ ಅನ್ನುತ್ತಿದ್ದರಾ?

ಕೊಪ್ಪದ ಕಾಫಿ (10:27)

ಮಾತು ಸರಿಯೇ. ಆದರೆ ಭೀಮ ಎಲ್ಲರಿಗೂ ಗೊತ್ತು. ಹುಲಿಯ ನಮ್ಮ ಮನೆಯ ನಾಯಿ. ಅವನ ವಿಷಯ ಬೇರೆಯವರ ಬಾಯಿಂದ ಕೇಳಬಾರದು.

ಪುಟಗುರುತು (10:50)

ದೇವರ ದಯೆ, ನಾನು ಆ ಹೊತ್ತಿಗೆ ಮಗನಿಗೆ ಊಟ ಮಾಡಿಸುತ್ತಿದ್ದೆ. ಎರಡು ಸಾಲು ನೋಡಿಲ್ಲ. ‘ಗುತ್ತಿ ಮತ್ತು ತಿಮ್ಮಿ’ವರೆಗೆ ಮಾತ್ರ ಓದಿದೆ, ಅಷ್ಟಕ್ಕೇ ಎದೆ ಹೊಡೆದುಕೊಂಡಿತು. ಹಾಗಾದರೆ ಈ ಪುಸ್ತಕ ನನಗೆ ಒಲಿದಿಲ್ಲ ಅಂದುಕೊಂಡಿದ್ದು ಸುಳ್ಳಾ? ಬಿಟ್ಟ ಪುಸ್ತಕದ ನಾಯಿಯ ಬಗ್ಗೆ ಯಾಕೆ ಇಷ್ಟು ಚಿಂತೆ?

ನಾಳೆಯಿಂದ ಕ್ಯಾಲೆಂಡರ್ ಹಾಳೆ, ಬಾಯಿಬಿಟ್ಟು ಓದುವುದು. ಎರಡೂ ಮಾಡುತ್ತೇನೆ.

ಪುಟಗುರುತು (ಐದು ವಾರದ ನಂತರ, ಶನಿವಾರ)

ಕೇಳಿದವರಿಗೆ ವರದಿ. ಹಳೆಯ ಬರಹವನ್ನು ಅಳಿಸಲಿಲ್ಲ. ಅದರ ಮೇಲೆ ಒಂದು ಸಾಲು ಸೇರಿಸಿದೆ: ‘ಇದನ್ನು ಬರೆದಾಗ ನಾನು ಓದಿದ್ದು 40 ಪುಟ.’ ಇಬ್ಬರು ನನ್ನನ್ನು ಫಾಲೋ ಮಾಡುವುದು ಬಿಟ್ಟರು. ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿ ‘ತಾಯಿ, ನಾನು ಇದನ್ನು ನಾಲ್ಕು ವರ್ಷ ಪಾಠ ಮಾಡಿದ್ದೇನೆ, ನೀನು ನನಗಿಂತ ಹತ್ತು ಪುಟ ಮುಂದಿದ್ದೆ’ ಅಂದರು.

ನೋಟ್‌ಬುಕ್‌ನಲ್ಲಿ ಹೊಸ ಕಾಲಂ ಹಾಕಿದ್ದೇನೆ, ‘ಎಲ್ಲಿಗೆ ಬಿಟ್ಟೆ’ ಅಂತ. ಹಿಂದಿನ ವರ್ಷಗಳದ್ದನ್ನೂ ಪ್ರಾಮಾಣಿಕವಾಗಿ ತುಂಬಿದೆ. ಹೋದ ವರ್ಷದ 41ರಲ್ಲಿ ಪೂರ್ತಿ ಓದಿದ್ದು 29.

ಆಫೀಸಿನ ಹುಡುಗಿಗೆ ನಿಜ ಹೇಳಿಬಿಟ್ಟೆ. ಮೊದಲು ಬಾಯಿ ಬಿಟ್ಟುಕೊಂಡು ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈಗ ಇಬ್ಬರೂ ಊಟದ ಹೊತ್ತಿಗೆ ಒಟ್ಟಿಗೆ ಓದುತ್ತೇವೆ. ದಿನಕ್ಕೆ ಹತ್ತು ಪುಟ ಅಂತ ಒಪ್ಪಂದ. ಸಾಗರದ ಅಕ್ಕ ಹೇಳಿದ ಹಾಗೆ ಆಫೀಸಿನವರನ್ನೆಲ್ಲ ಪಾತ್ರಗಳಿಗೆ ಜೋಡಿಸಿಕೊಂಡಿದ್ದೇವೆ. ಅಂತಕ್ಕ ಯಾರು ಅಂತ ಹೇಳಲ್ಲ, ಸಂಬಳ ಅವರ ಕೈಯಲ್ಲಿದೆ.

ಆದರೆ ಅವಳು ಒಪ್ಪಂದ ಮುರಿದು ಮನೆಯಲ್ಲೂ ಓದುತ್ತಿದ್ದಾಳೆ. ನಿನ್ನೆ ಬಂದು ಪಕ್ಕದಲ್ಲಿ ಕೂತಳು, ಡಬ್ಬಿ ತೆರೆಯಲೇ ಇಲ್ಲ. ಕಣ್ಣು ಕೆಂಪಾಗಿತ್ತು. ಏನಾಯಿತೇ ಅಂದೆ.

‘ನೀವು ಎಷ್ಟನೇ ಪುಟ ಅಕ್ಕಾ?’

‘402.’

‘ಹಾಗಾದರೆ ಏನಿಲ್ಲ’ ಅಂದಳು.

ಸಾಗರದ ಸೊಸೆ

ಅವಳಿಗೆ ಒಂದು ಲೋಟ ಬಿಸಿ ಕಾಫಿ ಕೊಡಿಸಿ. ನಮ್ಮಲ್ಲಿ ಆ ರಾತ್ರಿ ಯಾರೂ ಅಡಿಕೆ ಸುಲಿಯಲಿಲ್ಲ.

ರಾತ್ರಿಪಾಳಿ

ನಾನು 74.